ಚಿಲ್ಲರೆ ಬಾಕಿ

ವಿರಾಜಪೇಟೆಯ ಗಡಿಯಾರ ಕಂಬ ದಾಟಿ ಇಳಿದರೆ
ಎಡಗಡೆ ಮೂರನೇ ಕಟ್ಟಡ.
ಕೆಳಗೆ ಎರಡು ಅಂಗಡಿ, ಮೇಲೆ ಎರಡು ಬಿಡಾರ,
ನಡುವೆ ಕಡಿದಾದ ಮರದ ಮೆಟ್ಟಿಲು ಹದಿನೇಳು.
ಒಂಬತ್ತನೆಯದನ್ನು ನಂಬಬಾರದು.
ನೆತ್ತಿಯ ಮೇಲೆ ಗಾರೆಯಲ್ಲಿ ಬರೆದದ್ದು ೧೯೦೮,
ಸೊನ್ನೆಯ ಹೊಟ್ಟೆಯೊಳಗೆ ಕಣಜದ ಗೂಡು.

ಇಪ್ಪತ್ತಾರು ವರ್ಷ
ಬಸ್ಸಿನ ಹಿಂಬಾಗಿಲಿಂದ ಇದನ್ನು ನೋಡಿದ್ದೇನೆ.
ಗೋಣಿಕೊಪ್ಪ, ಪೊನ್ನಂಪೇಟೆ ಎಂದು ಗಂಟಲು ಹರಿದುಕೊಂಡು
ರೈಟ್ ಅನ್ನುವ ಮುಂಚೆ ಅತ್ತ ಒಂದು ಕಣ್ಣು.
ನಿಂತೇ ದುಡಿದವಳಿಗೆ ಕೂರುವ ಆಸೆ,
ಅದೂ ಮಹಡಿಯ ಮೇಲೆ,
ಕೆಳಗಿನವರು ತಿಂಗಳಿಗೊಮ್ಮೆ ಟಿಕೆಟ್ಟು ತೆಗೆಯುವ ಹಾಗೆ.

ದಲ್ಲಾಳಿ ಬೆಳ್ಯಪ್ಪ ಬೆರಳು ಮಡಚಿದ:
'ನಾಲ್ಕು ಬಾಡಿಗೆ ಅಂದರೆ ನಾಲ್ಕು ಹಸು, ಕುಸುಮಕ್ಕ,
ಹುಲ್ಲು ಹಾಕಬೇಕಿಲ್ಲ, ಹಾಲು ಕರೆದರಾಯ್ತು.'
ವಕೀಲರು ಕನ್ನಡಕ ಏರಿಸಿ ಕೇಳಿದ್ದು ಬೇರೆ:
'ಜಮ್ಮಾ ಅಲ್ಲ ತಾನೆ? ಪಾಲುದಾರರು ಎಷ್ಟು ಮಂದಿ?'
ಶೆಣೈಯವರ ಕಡೆಯಿಂದ ಹತ್ತು ಸಹಿ, ಒಂದು ಹೆಬ್ಬೆಟ್ಟು.
ಹೆಬ್ಬೆಟ್ಟಿನ ಅಜ್ಜಿ ಒಬ್ಬಳೇ ನನ್ನ ಮುಖ ನೋಡಿದ್ದು,
ಮಸಿ ಒರೆಸಿಕೊಳ್ಳುತ್ತ ಅಂದಳು:
'ಬಾವಿಗೆ ಮುಚ್ಚಳ ಹಾಕಿಸು ಮಗಾ.'

ಯಾವ ಬಾವಿ?
ಕ್ರಯಪತ್ರದಲ್ಲಿ ಇಲ್ಲ, ನಕ್ಷೆಯಲ್ಲಿ ಇಲ್ಲ.
ಹಿಂದಿನ ಕೋಣೆಯ ಹಲಗೆ ಎಬ್ಬಿಸಿದಾಗ
ತಣ್ಣಗೆ ಉಸಿರಾಡುತ್ತ ಇತ್ತು,
ಆಳದಲ್ಲಿ ನನ್ನ ತಲೆಯಷ್ಟೇ ಒಂದು ಆಕಾಶ.

ಪಿ.ಎಫ್. ಹೋಯಿತು, ಗ್ರ್ಯಾಚುಯಿಟಿ ಹೋಯಿತು,
ಎರಡು ಬಳೆ ಹೋದವು.
ಬ್ಯಾಂಕಿನ ಕಂತು ತಿಂಗಳಿಗೆ ಹದಿನಾರು ಸಾವಿರದ ಮೇಲೆ.
ಮೇಲೆ ಎಲಿಸ್ಸ, ಮದುವೆ ಗಂಡುಗಳಿಗೆ ಬಿಳಿ ಕುಪ್ಯ ಹೊಲಿಯುವವಳು,
ನಾಲ್ಕೂವರೆ ಕೊಡುತ್ತಾಳೆ, ಲಗ್ನ ಇಲ್ಲದ ತಿಂಗಳು ಕೊಡುವುದಿಲ್ಲ.
ಕೆಳಗೆ ಚಾಕಲೇಟು, ಜೇನು, ಕರಿಮೆಣಸಿನ ಅಂಗಡಿಯ ಹುಡುಗ
ಒಂಬತ್ತು ಎಣಿಸಿ ಕೊಟ್ಟು
೧೯೦೮ರ ಮೇಲೆ ಬೋರ್ಡು ಹೊಡೆಯಲೇ ಅನ್ನುತ್ತಾನೆ.
ಪಕ್ಕದಲ್ಲಿ ವಾಚ್ ರಿಪೇರಿಯ ಮೊಯ್ದು ಕಾಕ.
ಮುನ್ನೂರ ನಲವತ್ತು.
ಸಾವಿರವಲ್ಲ, ರೂಪಾಯಿ.
ಹಳೇ ಶೆಣೈ ಛಾಪಾ ಕಾಗದದಲ್ಲಿ ಬರೆದುಕೊಟ್ಟದ್ದು:
ಈತನ ಕೈ ನಡುಗುವ ತನಕ.

ನಾಲ್ಕನೇ ಬಿಡಾರ ಯಾರೂ ಕೇಳಲಿಲ್ಲ.
ಅಲ್ಲಿಗೆ ನಾನೇ ಬಂದೆ.

'ಮುದುಕನನ್ನು ಎಬ್ಬಿಸು,' ಬೆಳ್ಯಪ್ಪ ಮತ್ತೆ ಬಂದ,
'ಹೋಂಸ್ಟೇ ಮಾಡು, ಹಳೇ ಬಾವಿಗೆ ಗಾಜು ಹಾಕಿ ಲೈಟು ಬಿಡು,
ರಾತ್ರಿಗೆ ಮೂರು ಸಾವಿರ, ಕಣ್ಣು ಮುಚ್ಚಿ ಕೊಡುತ್ತಾರೆ.'
ಆ ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಲೆಕ್ಕ ಹಾಕಿದೆ.
ಸರಿಯಾಗಿಯೇ ಇತ್ತು ಲೆಕ್ಕ.

ಬೆಳಿಗ್ಗೆ ಹದಿನೇಳು ಮೆಟ್ಟಿಲು ಇಳಿದು
(ಎಂಟರಿಂದ ಹತ್ತಕ್ಕೆ ಕಾಲು ಚಾಚಿ)
ಹೇಳಬೇಕಾದ್ದನ್ನು ಬಾಯಲ್ಲಿ ಇಟ್ಟುಕೊಂಡೇ ನಿಂತೆ.
ಕಾಕ ಕಣ್ಣಿಗೆ ಕಚ್ಚಿದ ಭೂತಗನ್ನಡಿ ತೆಗೆಯದೆ
ಇಕ್ಕಳದ ತುದಿಯಲ್ಲಿ
ಕೂದಲಿಗಿಂತ ಸಣ್ಣ ಸ್ಪ್ರಿಂಗೊಂದನ್ನು ಕೂರಿಸಿದ.
ಕೈ ನಡುಗಲಿಲ್ಲ.

ಆಮೇಲೆ ಡ್ರಾಯರ್ ಎಳೆದ.
ಮುರಿದ ಮುಳ್ಳು, ಸತ್ತ ಸೆಲ್ಲು, ಯಾರೂ ಒಯ್ಯದ ಎಚ್ಚೆಮ್ಟಿ,
ಅದರಡಿಯಿಂದ ಮಾಸಲು ಗುಲಾಬಿ ಚೀಟಿ.
'ಮಡಿಕೇರಿಗೆ ಹೋಗಿದ್ದೆ, ಮಗಳ ಹೆರಿಗೆ.
ಇಳಿಯುವಾಗ ಕೇಳಲು ಮರೆತೆ.'
ಹಿಂಬದಿಯಲ್ಲಿ ನೀಲಿ ಪೆನ್ನು, ನನ್ನದೇ ಅಕ್ಷರ,
ಅವಸರದ ಒಂದು ಗೀಟು, ಒಂದು ಸುರುಳಿ:
ಬಾಕಿ ೧-೫೦.

'ಇದು ಚುಕ್ತ ಮಾಡು,
ಆಮೇಲೆ ನಿನ್ನ ಮಾತು.'

ಒಂದು ರೂಪಾಯಿ ಚೀಲದಲ್ಲೇ ಇತ್ತು.
ಎಂಟಾಣೆ ಇಲ್ಲ.
ಜೇನಿನ ಹುಡುಗನ ಗಲ್ಲದಲ್ಲಿ ಇಲ್ಲ,
ಎಲಿಸ್ಸಳ ಗುಂಡಿ ಡಬ್ಬಿಯಲ್ಲಿ ಇಲ್ಲ,
ಡಿಪೋದಲ್ಲಿ ವಿಚಾರಿಸಿದರೆ ನಕ್ಕರು.
ಎರಡು ರೂಪಾಯಿ ಇಟ್ಟುಕೋ ಕಾಕ ಅಂದರೆ
'ನನ್ನ ಹತ್ತಿರ ಚಿಲ್ಲರೆ ಇಲ್ಲ' ಅನ್ನುತ್ತಾನೆ.

ಕಳೆದ ವಾರ ಬಾವಿಗೆ ಮುಚ್ಚಳ ಹಾಕಲು ಬಂದವನು
ಒಮ್ಮೆ ಕೆಸರು ತೆಗೆಸಿ ನೋಡಿ ಅಕ್ಕ,
ಹಳೇ ನಾಣ್ಯ ಇರುತ್ತವೆ ಅಂದ.
ಈಗ ಬೇಡ ಅಂದೆ.

ಒಂದನೇ ತಾರೀಕು ಕಾಕ ಮುನ್ನೂರ ಐವತ್ತು ಕೊಟ್ಟ.
ರಸೀದಿ ಹರಿದು, ತಿರುಗಿಸಿ,
ಹಿಂದೆ ಬರೆದೆ: ಬಾಕಿ ಹತ್ತು.