ಮುದ್ದೆ ತಡೆಯುತ್ತಾ?

ಬಳೇಪೇಟೆಯ ಅಂಗಡಿಯಲ್ಲಿ
ಒಲೆಗಳು ಕನ್ನಡಿಗಳ ಹಾಗೆ ಸಾಲಾಗಿ ಕೂತಿದ್ದವು.
ಒಂದೊಂದರಲ್ಲೂ ನನ್ನ ಗಲ್ಲ, ನನ್ನ ಚೀಲ,
ನೆತ್ತಿಯ ಮೇಲೆ ತಿರುಗುವ ಫ್ಯಾನು.
"ಟಫನ್ಡ್ ಗ್ಲಾಸು ಅಕ್ಕ," ಅಂದ ಹುಡುಗ,
"ಆನೆ ಹತ್ತಿ ನಿಂತರೂ ಬಿರುಕು ಬಿಡಲ್ಲ."
ಆನೆ ವಿಷಯ ಬಿಡಪ್ಪ, ಅಂದೆ,
ಮುದ್ದೆ ತಡೆಯುತ್ತಾ?

ಅವನು ಪುಸ್ತಕ ತೆಗೆದು ಹುಡುಕಿದ.
ಬರ್ನರಿನ ಅಗಲ ಇತ್ತು, ಗಾಜಿನ ದಪ್ಪ ಇತ್ತು,
ಎರಡು ವರ್ಷದ ಗ್ಯಾರಂಟಿ ಇತ್ತು.
ಮುದ್ದೆ ಇರಲಿಲ್ಲ.

ಹದಿನೆಂಟು ತಿಂಗಳು ಚೀಟಿ ಕಟ್ಟಿ ಎತ್ತಿದ ದುಡ್ಡು;
ಫಾಲಿಗಿಷ್ಟು, ಜಿಗ್‌ಜಾಗಿಗಿಷ್ಟು,
ಊರವರ ಸೀರೆಗಳ ಅಂಚು ಹಿಡಿದು ಕೂಡಿಸಿದ್ದು.
ಹಾಗೆಲ್ಲ ಆನೆಯ ಮಾತು ನಂಬಲಿಕ್ಕಾಗುತ್ತಾ?
ಮಾರನೇ ದಿನ ತಪ್ಪಲೆ ಕಟ್ಟಿಕೊಂಡು
ನ್ಯಾಷನಲ್ ಕಾಲೇಜಿನಲ್ಲಿ ಮೆಟ್ರೋ ಹತ್ತಲು ಹೋದರೆ
ಚೀಲದಿಂದ ಇಣುಕುವ ಕೋಲನ್ನು ಗಾರ್ಡಮ್ಮ ಹಿಡಿದಳು.
"ಇದೇನು?"
"ಹಿಟ್ಟಿನ ಕೋಲು."
"ನಮ್ಮನೇದು ಇನ್ನೂ ಉದ್ದ," ಅಂದು ಬಿಟ್ಟಳು.

ಉರಿಯಿಲ್ಲದ ಒಲೆಯ ಮೇಲೆ ಹಿಟ್ಟಿಲ್ಲದ ತಪ್ಪಲೆ ಇಟ್ಟು
ಸೊಂಟ ಕೊಟ್ಟು ತಿರುವಿದೆ.
ಮೊದಲನೆಯದರ ರಬ್ಬರ್ ಕಾಲು ಕಿರುಗುಟ್ಟಿ ಜಾರಿತು.
ಎರಡನೆಯದರ ಕಂಬಿ ವಾಲಿತು.
ಮೂರನೆಯದು ಮುಟ್ಟುವಷ್ಟರಲ್ಲಿ
ಗಲ್ಲಾಪೆಟ್ಟಿಗೆ ಬಿಟ್ಟು ಓಡಿಬಂದರು ಚಂಪಾಲಾಲರು:
"ಅಮ್ಮಾ, ನಿಮಗೆ ಮೇಲೆ ಕೂರೋ ಒಲೆ ಆಗಲ್ಲ.
ಕಲ್ಲು ಕೊಯ್ದು ಒಳಗೆ ಇಳಿಸೋದು ತಗೊಳ್ಳಿ.
ಕಲ್ಲೇ ಹಿಡ್ಕೊಳ್ಳುತ್ತೆ."

ಕೊಯ್ಯಲು ಬಂದವನು ಲಿಂಗರಾಜಪುರದ ಆರೋಕ್ಯಸ್ವಾಮಿ.
ಅತ್ತೆ ಹಾಲಿನಲ್ಲಿ ಬೆನ್ನು ತಿರುಗಿಸಿ ಕೂತರು.
ಹಳೇ ಒಲೆ ಎತ್ತಿದಾಗ
ಕುಂಟುಗಾಲಿನ ಕೆಳಗೆ ಒಂದು ನಾಲ್ಕಾಣೆ,
ಜಿಡ್ಡಿನಲ್ಲಿ ಹೂತು, ಯಾರ ಮುಖವೂ ಕಾಣದಷ್ಟು ಕಪ್ಪು.
"ಅದು ನಂದು," ಅಂದರು, ತಿರುಗದೆಯೇ.

ಐನೂರ ಅರವತ್ತಕ್ಕೆ ನಾನೂರ ಎಂಬತ್ತು.
ಪೆನ್ಸಿಲ್ ಗೀಟಿನ ಮೇಲೆ ನಾನು ನೀರು ಹನಿಸುತ್ತಾ
ಅವನು ಬ್ಲೇಡು ಓಡಿಸುತ್ತಾ.
ಇಪ್ಪತ್ತೆರಡು ವರ್ಷ ದಿನಕ್ಕೆ ಮೂರು ಸಲ ಒರೆಸಿದ ಕಲ್ಲು,
ಒಳಗೆ ಬೂದು ಬಣ್ಣ ಅಂತ ಗೊತ್ತೇ ಇರಲಿಲ್ಲ.
"ತುಂಡು ಎಸೆಯಲಾ ಅಕ್ಕ?"
ತಡಿ, ಅಂದೆ.
ಇಬ್ಬರೂ ಹಿಡಿದು, ಸುಮ್ಮನೆ,
ಬಂದ ಜಾಗಕ್ಕೇ ಇಳಿಸಿ ನೋಡಿದೆವು.
ಕೂರಲಿಲ್ಲ. ಸುತ್ತಲೂ ಮೂರು ಮಿಲಿಮೀಟರ್
ಬ್ಲೇಡು ತಿಂದುಬಿಟ್ಟಿತ್ತು.
ಅದು ಇನ್ನೂ ಸಿಗುತ್ತದೆ ಅಲ್ಲಲ್ಲಿ,
ಸಾಸಿವೆ ಡಬ್ಬಿಯ ಮುಚ್ಚಳದ ಸುರುಳಿಯಲ್ಲಿ,
ಗಡಿಯಾರದ ತಲೆಯ ಮೇಲೆ.

ಮೊದಲ ಮುದ್ದೆಗೆ ಕಲ್ಲು ಅಲುಗಲಿಲ್ಲ,
ಗಾಜು ಅಲುಗಲಿಲ್ಲ, ನನ್ನ ಭುಜವೊಂದು ಬಿಟ್ಟು.
ಅತ್ತೆ ಸಾರಿನಲ್ಲಿ ಅದ್ದಿ ನುಂಗಿ
ಸ್ವಲ್ಪ ಹೊತ್ತು ಯೋಚಿಸಿದರು.
"ಗಂಟಿದೆ."

ಗಾಜಿನ ಮೇಲೆ ಉಕ್ಕಿದ ಹಾಲು ಎಲ್ಲಿಗೂ ಹೋಗುವುದಿಲ್ಲ;
ನಿಂತು ನೋಡುತ್ತದೆ, ಸುಡುತ್ತದೆ, ಉಗುರಿಗೆ ಬರುತ್ತದೆ.
ಜುಲೈ ತಿಂಗಳ ಥಂಡಿಗೆ ಟಿಕ್ ಟಿಕ್ ಟಿಕ್, ಕಿಡಿಯಿಲ್ಲ.
ಆಗ ಅತ್ತೆ ಮಡಿಲಿಂದ ಹಳೇ ಲೈಟರ್ ತೆಗೆದು
ಮಾತಾಡದೆ ಕೊಡುತ್ತಾರೆ.
ಯಾವತ್ತಿನಿಂದ ಅಲ್ಲಿತ್ತೋ.

ಕೊಯ್ದ ತುಂಡು ಹಿತ್ತಲ ನಲ್ಲಿಯ ಪಕ್ಕ,
ನಾಲ್ಕು ಇಟ್ಟಿಗೆಯ ಮೇಲಿದೆ; ಒಂದು ಮೂಲೆ ಕುಂಟುತ್ತಿತ್ತು,
ಈಗ ಕುಂಟುವುದಿಲ್ಲ.
ಬೆಳಿಗ್ಗೆ ಅದರ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಾರೆ.
ಮೋಡ ಕವಿದಿದೆ, ಕಲ್ಲು ತಣ್ಣಗಿರುತ್ತೆ, ಒಳಗೆ ಬನ್ನಿ, ಅಂದರೆ
ಅಂಗೈ ಊರಿ ನೋಡಿ
"ಎಲ್ಲಿ ತಣ್ಣಗೆ?" ಅನ್ನುತ್ತಾರೆ,
"ಒಲೆ ಕೂತಿದ್ದ ಜಾಗ ಕಣೆ ಇದು."