ಎಡ, ಬಲ, ಎರಡೂ

ಜುಹು ವಿಮಾನತಾಣ. ಬೆಳಗಿನ ಆರೂಕಾಲು.
ಪಾಸು ತೋರಿಸದೆ ಗೇಟು ದಾಟಿದ ಕಡಲು
ರೆಕ್ಕೆಯ ಮೇಲೆ ಕೂತಿದೆ, ಉಪ್ಪಾಗಿ.
ಹರಿಶ್ಚಂದ್ರ ತಾಂಡೇಲ ಹಳೆ ಬನಿಯನ್ನಿನ ತುಂಡಿನಿಂದ
ಪ್ರೊಪೆಲರಿನ ಇಬ್ಬನಿ ಒರೆಸುತ್ತಾನೆ.
ಒಂದು ಅಲಗು ಒರೆಸಿ, ಕೈಯಿಂದ ತಿರುಗಿಸಿ, ಇನ್ನೊಂದು;
ಮಿಂದು ಬಂದ ಮೊಮ್ಮಗಳ ತಲೆ ಒರೆಸಿದ ಹಾಗೆ.

ಲಾಗ್ ಪುಸ್ತಕದಲ್ಲಿ ನಿನ್ನೆಯ ಹುಡುಗ ಬರೆದದ್ದು ಒಂದೇ ಸಾಲು:
"ಎಡಕ್ಕೆ ತಿರುಗಿಸಿದರೆ ನಡುಗುತ್ತೆ."
ನಡುಗಿದ್ದು ಎಂಜಿನ್ನೋ ಅವನೋ, ಬರೆದಿಲ್ಲ.

ನಾಲ್ಕು ಸಿಲಿಂಡರು, ಎಂಟು ಪ್ಲಗ್ಗು, ಮ್ಯಾಗ್ನೆಟೊ ಎರಡು.
ಬ್ಯಾಟರಿ ಸತ್ತರೂ ತಮ್ಮ ಕಿಡಿ ತಾವೇ ಹೆರುವ ಜೋಡಿ;
ಒಂದಕ್ಕೆ ಕೆಮ್ಮು ಬಂದರೆ ಇನ್ನೊಂದು ಮನೆ ನಡೆಸುತ್ತದೆ.

ಸಾವಿರದ ಏಳುನೂರು ಸುತ್ತಿಗೆ ಏರಿಸಿದೆ.
ಕೀಲಿ ಬಲಕ್ಕೆ: ಅರವತ್ತು ಕುಸಿತ. ಇರಲಿ.
ಎರಡಕ್ಕೂ ವಾಪಸು. ಉಸಿರು.
ಎಡಕ್ಕೆ: ಇನ್ನೂರ ಇಪ್ಪತ್ತು,
ಕಿಟಕಿಯ ಗಾಜು ಹಲ್ಲು ಕಟಕಟಿಸಿತು.

ಸ್ಪ್ಯಾನರಿಗೆ ಕೈ ಹಾಕಿದವಳನ್ನು ದಿನ್ಯಾರ್ ಸಾಹೇಬರು ತಡೆದರು.
"ಬಿಚ್ಚೋದು ಆಮೇಲೆ, ದಿಕ್ರಿ. ಮೊದಲು ವಿಚಾರಿಸು."
ಎಡದ ಮೇಲೆಯೇ ಒಂದು ನಿಮಿಷ ಓಡಿಸಿ ನಿಲ್ಲಿಸಿ
ಹೊಗೆಕೊಳವೆಗಳಿಗೆ ಬೆರಳಿಂದ ನೀರು ಚಿಮುಕಿಸಿದೆ,
ಹೆಂಚು ಕಾದಿದೆಯೇ ಎಂದು ಅಮ್ಮ ನೋಡುತ್ತಿದ್ದ ಹಾಗೆ.
ಒಂದು, ಚುಂಯ್. ಎರಡು, ಚುಂಯ್. ನಾಲ್ಕು, ಚುಂಯ್.
ಮೂರರ ಮೇಲೆ ಹನಿ ಸುಮ್ಮನೆ ಜಾರಿತು.

ಮೂರನೆಯದರ ಕೆಳಗಿನ ಪ್ಲಗ್ಗು:
ಬಾಯಲ್ಲಿ ಸೀಸದ ಸಣ್ಣ ಮಣಿ, ಎಳ್ಳಿನಷ್ಟು.
ಸಿಕ್ಕಿತು ಅಂದುಕೊಂಡೆ. ತೆಗೆದು, ಉಜ್ಜಿ, ಅಂತರ ಅಳೆದು
ಒಂದನೆಯದಕ್ಕೆ ಹಾಕಿದೆ, ಅದರದ್ದನ್ನು ಇದಕ್ಕೆ.
ರೋಗ ಪ್ಲಗ್ಗಿನದಾದರೆ ಪ್ಲಗ್ಗಿನ ಜೊತೆ ಮನೆ ಬದಲಿಸಬೇಕು.
ಬದಲಿಸಲಿಲ್ಲ. ಮೂರೇ ತಣ್ಣಗೆ.

ಆಮೇಲೆ ತಂತಿ. ಅದರ ತುದಿಯ ಬಟ್ಟಲೊಳಗೆ
ಪಾಚಿಬಣ್ಣದ ಪುಡಿ, ನಖದಲ್ಲಿ ಕೆರೆದು ನಾಲಿಗೆಗಿಟ್ಟೆ:
ಕಡಲು. ಗೇಟು ಮಾತ್ರವಲ್ಲ, ಇಲ್ಲೀವರೆಗೂ.

ಹೊಸ ತಂತಿ ಎಳೆಯಲು ಮಧ್ಯಾಹ್ನವಾಯಿತು.
ಆ ಇಕ್ಕಟ್ಟಿನಲ್ಲಿ ಮೊಣಕೈ ಯಾವುದಕ್ಕೆ ತಾಗಿತೋ.

ಮತ್ತೆ ಸಾವಿರದ ಏಳುನೂರು. ಎಡ: ಎಪ್ಪತ್ತು. ಆಹಾ.
ಬಲ: ಸೊನ್ನೆ.
ಕುಸಿತವೇ ಇಲ್ಲ. ಮುಳ್ಳು ಅಲುಗಲೇ ಇಲ್ಲ.
ಹುಡುಗ ಚಪ್ಪಾಳೆ ತಟ್ಟಿದ.
ಸಾಹೇಬರ ಮುಖದಲ್ಲಿ ನಗು ಇದ್ದದ್ದು ಹೋಯಿತು.
"ಇಳಿಸು. ಈಗ ಕೀಲಿ ಆಫ್ ಮಾಡು, ಒಂದೇ ಕ್ಷಣ."
ಮಾಡಿದೆ. ಎಂಜಿನ್ನು ಓಡುತ್ತಲೇ ಇತ್ತು.

ಆಫ್ ಅಂದರೆ ಕಿಡಿಯನ್ನು ಕತ್ತರಿಸುವುದು ಅಂದುಕೊಂಡಿದ್ದೆ ಎಷ್ಟೋ ದಿನ.
ಅಲ್ಲ. ಅದನ್ನು ನೆಲಕ್ಕೆ ಕಟ್ಟುವುದು, ಒಂದು ಸಣ್ಣ ತಂತಿಯಿಂದ.
ಆ ತಂತಿ ತುಂಡಾದರೆ ಕೀಲಿ ನಿನ್ನ ಜೇಬಲ್ಲಿರುತ್ತದೆ,
ಮ್ಯಾಗ್ನೆಟೊ ಎದ್ದೇ ಇರುತ್ತದೆ.

ಪೆಟ್ರೋಲು ಕಡಿದು, ಹಸಿವಿಗೆ ಕೆಡವಿ, ನಿಲ್ಲಿಸಿ ಇಳಿಯುವಷ್ಟರಲ್ಲಿ
ಬನಿಯನ್ನಿನ ತುಂಡು ಹಿಡಿದು ತಾಂಡೇಲ ಬಂದಿದ್ದ,
ಕೈ ಅಲಗಿಗೆ ಒಂದು ಗೇಣು ದೂರ.
ಇಪ್ಪತ್ತು ವರ್ಷ ಇದೇ ಊರಲ್ಲಿ ಮರಾಠಿಯಲ್ಲೇ ಜಗಳಾಡಿದವಳು,
ಒಂದು ಶಬ್ದ ನೆನಪಾಗಲಿಲ್ಲ.
"ಮುಟ್ಟಬೇಡ!"
ಅವನ ಕೈ ಅಲ್ಲೇ ನಿಂತಿತು, ಗಾಳಿಯಲ್ಲಿ, ಬಟ್ಟೆ ಸಮೇತ.

ಪುಸ್ತಕದಲ್ಲಿ ಬರೆದೆ: "ಎಡ ಮ್ಯಾಗ್ನೆಟೊದ ನೆಲತಂತಿ ತುಂಡು.
ಕೆಲಸದ ವೇಳೆ, ನನ್ನ ಮೊಣಕೈಯಿಂದ. ಬದಲಿಸಿದೆ. ವಾರಿಜಾ."
ಸಾಹೇಬರು ಓದಿ, ಒಂದು ಕಾಗುಣಿತ ತಿದ್ದಿ, ಸಹಿ ಹಾಕಿದರು.
ಬೇರೇನೂ ಅನ್ನಲಿಲ್ಲ, ಅದೇ ಕಷ್ಟವಾಯಿತು.

ಐದು ಗಂಟೆಗೆ ಬಲ ಅರವತ್ತು, ಎಡ ಎಪ್ಪತ್ತು,
ಆಫ್‌ಗೆ ಮೌನ. ಕಿವಿ ತುಂಬ ಕುಡಿದೆ ಅದನ್ನು.

ಹ್ಯಾಂಗರಿನ ಬೆಕ್ಕು ರೆಕ್ಕೆ ಹತ್ತಲು ಕಾಲೆತ್ತಿತ್ತು.
ತಾಂಡೇಲ ಅದರತ್ತ ಬೆರಳು ಅಲ್ಲಾಡಿಸಿ
ಗಂಭೀರವಾಗಿ ಗದರಿಸುತ್ತಿದ್ದ:
"ಮುತ್ತಬೇಡಾ."