ಕೊಡೆ ನಂಬರು ನಾನೂರ ಹನ್ನೆರಡು

ಲಿಯೆಪಾಯಾದ ಟ್ರಾಮ್ ಡಿಪೋ ಹಿಂದೆ
ಕಳೆದ ವಸ್ತುಗಳ ಕಚೇರಿ.
ವೆಲ್ಗಾಳ ಪ್ರೋಗ್ರಾಮು ಕೊಡೆಯನ್ನೇನೋ ತೋರಿಸುತ್ತದೆ:
ಹಸಿರು, ಒಂದು ಕಡ್ಡಿ ಮುರಿದದ್ದು.
ಯಾರದೆಂದು ಕೇಳಿದರೆ ಮಾತ್ರ
ಕೆಂಪಕ್ಷರ ಕಾರಿ ಸತ್ತುಬೀಳುತ್ತದೆ.

ಮೂರು ದಿನ. ಚಹಾ ಆರಿತು, ಮತ್ತೆ ಆರಿತು.

ಕಂಪ್ಯೂಟರಿಗೆ ಬೆನ್ನು ಹಾಕಿಯೇ
ಮೂವತ್ತು ವರ್ಷ ಲೆಡ್ಜರು ನಡೆಸಿದ ಔಸ್ಮಾ ಅಂದಳು:
"ಖಾನೆಗೆ ಬೀಗ ಜಡಿದ ಮೇಲೆ
ಒಡೆಯ ಯಾರೆಂದು ಕೊಡೆಯನ್ನೇ ಕೇಳಿದರೆ
ಅದೇನು ಮಾಡೀತು, ಪಾಪ?
ನಾನು ಹಗಲೆಲ್ಲ ಪೆನ್ಸಿಲಿನಲ್ಲಿ ಬರೆಯುತ್ತೇನೆ.
ಪುಟದಲ್ಲಿದೆ, ನನಗೆ ಕಾಣುತ್ತದೆ,
ಆದರೂ ಇನ್ನೂ ಆಗಿಲ್ಲ.
ಆರು ಗಂಟೆಗೆ ಶಾಯಿ.
ಇಲ್ಲವೋ, ರಬ್ಬರು."

ಫ್ಲಶ್, ಕಮಿಟ್, ರೋಲ್‌ಬ್ಯಾಕ್, ಗೊಣಗಿದಳು ವೆಲ್ಗಾ.
ಔಸ್ಮಾಳ ಕಿವಿಗೆ ಅವು
ಯಾವುದೋ ಪರವೂರಿನ ಟ್ರಾಮ್ ನಿಲ್ದಾಣಗಳು.

ಸೆಷನ್ ಮುಚ್ಚುವ ಸಾಲನ್ನು
ನಾಲ್ಕು ಸಾಲು ಕೆಳಗಿಳಿಸಿದ್ದೇ ತಡ
ಹೆಸರು ಬಂತು: ತಾಲಿವಾಲ್ಡಿಸ್, ಬಂದರಿನ ಬೆಸುಗೆಯವ.
ವೆಲ್ಗಾ ಕುರ್ಚಿಯಿಂದ ಜಿಗಿದೆದ್ದಳು.

"ಅವನಾ?" ಔಸ್ಮಾ ಕನ್ನಡಕ ಒರೆಸಿಕೊಂಡಳು.
"ನಿನ್ನೆಯೇ ಬಂದು ಒಯ್ದನಲ್ಲ."

ಪರದೆಯ ಮೇಲೆ ಕೊಡೆ ಇನ್ನೂ ಇತ್ತು.
ಗೋಡೆಯ ಗೂಟದಲ್ಲಿ
ಅದು ತೊಟ್ಟಿಕ್ಕಿದ ಕಲೆ ಮಾತ್ರ.